ಕಿಟಕಿಗೆ ಅಂಟಿಸಿದ ಕಾಗದ

ಮಾರ್ಚ್ ೩, ಸೋಮವಾರ

ಬಾವಿಯೊಳಗಿನ ಕಳ್ಳಿಯ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಅತ್ತೆ. ಹೇಳಿದ್ದು ಇವತ್ತು ಸಂಜೆ, ನಾನು ಹಳೆಯ ಕೆಲಸ ಬಿಟ್ಟು ಮನೆಗೆ ಬಂದು ಚಪ್ಪಲಿ ಕಳಚುವಷ್ಟರಲ್ಲಿ. ಸ್ವಂತ ಅಂಗಡಿ ಇಡುತ್ತೇನೆ ಎಂದವಳಿಗೆ ಬೇರೆಯವರಾದರೆ ಒಳ್ಳೆಯದಾಗಲಿ ಎನ್ನುತ್ತಾರೆ. ನಮ್ಮ ಅತ್ತೆ ಕಥೆ ಹೇಳುತ್ತಾರೆ.

ಒಬ್ಬಳು ಹೆಂಗಸಂತೆ. ಅವಳ ಹಿತ್ತಲಲ್ಲಿ ಸಿಹಿನೀರಿನ ಬಾವಿಯಂತೆ. ಒಂದು ದಿನ ಬಗ್ಗಿ ನೋಡಿದರೆ ಒಳಗೆ ಯಾರೋ ಇದ್ದಾಳೆ! ಹುಬ್ಬು ಗಂಟಿಕ್ಕಿಕೊಂಡು ಇವಳನ್ನೇ ನೋಡುತ್ತಿದ್ದಾಳೆ. ನೀರು ಕದಿಯಲು ಬಂದ ಕಳ್ಳಿಯೇ ಸೈ ಎಂದು ಬಾವಿಗೆ ಹಲಗೆ ಮುಚ್ಚಿದಳು. ಮಾರನೆಯ ದಿನ ಮನಸ್ಸು ತಡೆಯದೆ ಹಲಗೆ ಸರಿಸಿ ಇಣುಕಿದರೆ, ಅಗೋ, ಅಲ್ಲೇ ಇದ್ದಾಳೆ. ಹಲಗೆಯ ಮೇಲೆ ಕಲ್ಲು ಹೇರಿದಳು. ಕಲ್ಲಿನ ಮೇಲೆ ತಾನೇ ಹತ್ತಿ ಕೂತಳು. ಬಾಯಾರಿಕೆ ಆಯಿತು. ಇಳಿದರೆ ಕಳ್ಳಿಗೆ ದಾರಿ ಸಿಗುತ್ತದೆ, ಇಳಿಯದಿದ್ದರೆ ಇವಳ ನಾಲಿಗೆ ಒಣಗುತ್ತದೆ...

"ಆಮೇಲೆ?" ಎಂದೆ. ಅತ್ತೆಗೆ ಆಗಲೇ ನಿದ್ದೆ. ಅವರ ಕಥೆಗಳೆಲ್ಲ ಹೀಗೇ, ಅರ್ಧ ದಾರಿಯಲ್ಲಿ ಗೊರಕೆ.

ಬಟ್ಟೆಗೆ ಬಣ್ಣ ಹಾಕುವುದನ್ನು ನಾನು ಕಲಿತದ್ದು ಹಳೆ ಯಜಮಾನರ ಅಂಗಡಿಯಲ್ಲಿ. ಹಂಡೆಯಲ್ಲಿ ಕೋಲು ತಿರುವುವುದರಿಂದ ಶುರುವಾಗಿ, ಯಾವ ಪುಡಿಗೆ ಯಾವುದನ್ನು ಎಷ್ಟು ಬೆರೆಸಬೇಕು ಎನ್ನುವವರೆಗೆ. ಆ ಅಳತೆಗಳನ್ನು ಅವರು ಹೇಳಿಕೊಡಲಿಲ್ಲ. ತೊಳೆಯುವ ತೊಟ್ಟಿಯ ಹತ್ತಿರ ನಿಂತು ಕಣ್ಣಲ್ಲೇ ಎತ್ತಿಕೊಂಡೆ. ಇವತ್ತು ಕೊನೆಯ ದಿನ ಹೊರಡುವಾಗಲೂ ಎಂದಿನಂತೆ "ಚೀಲ ತೆಗಿಯಮ್ಮ" ಎಂದರು. ಅಷ್ಟು ವರ್ಷ ದುಡಿದವಳ ಊಟದ ಡಬ್ಬಿಯನ್ನು ಬಿಚ್ಚಿ ಮೂಸಿ ನೋಡಿದರು! ಅವರ ಇನ್ನೊಂದು ಚಾಳಿ ಏನೆಂದರೆ, ಆಗಾಗ ಕೈಯಲ್ಲೊಂದು ಬಟ್ಟೆ ಚೂರು ಹಿಡಿದು ಹೊಸ್ತಿಲಿಗೆ ಹೋಗಿ ನಿಂತುಬಿಡುವುದು. ಬಟ್ಟೆ ನೆಪ. ಚಹಾಕ್ಕೆ ಹೋದವರು ಯಾರು, ಎಷ್ಟು ಹೊತ್ತಾಯಿತು ಎಂದು ನೋಡುವುದೇ ಉದ್ದೇಶ. ಅನುಮಾನದ ಮನುಷ್ಯ.

ನನ್ನ ಅಂಗಡಿಯಲ್ಲಿ ಯಾರ ಚೀಲವನ್ನೂ ತೆಗೆಸುವುದಿಲ್ಲ. ಬರೆದಿಟ್ಟಿದ್ದೇನೆ.

ಮಾರ್ಚ್ ೮, ಶನಿವಾರ

ಅಂಗಡಿ ತೆರೆದೆವು. ತೆರೆದೆವು ಎಂದರೆ ನಾನು ಮತ್ತು ನಾದಿನಿ. ಗಲ್ಲದ ಮೇಲೆ ಮಚ್ಚೆ ಇರುವುದರಿಂದ ಅವಳು ಎಲ್ಲರಿಗೂ ಚುಕ್ಕಿ. ಔಷಧಿ ಅಂಗಡಿಯ ಕೆಲಸ ಬಿಟ್ಟು ನನ್ನ ಜೊತೆ ಬಂದಿದ್ದಾಳೆ. ನಮ್ಮ ಮನೆಯವರು ಮಾತ್ರ "ಅತ್ತಿಗೆ ನಾದಿನಿ ಕೂಡಿ ಅಂಗಡಿನಾ? ಬಣ್ಣ ಬಟ್ಟೆ ಮೇಲೆ ಬೀಳುತ್ತೋ ಮುಖದ ಮೇಲೆ ಬೀಳುತ್ತೋ ನೋಡೋಣ" ಎಂದು ನಗಾಡಿ, ಬಸ್ಸಿನ ಕೀಲಿ ತಿರುಗಿಸುತ್ತಾ ಕೆಲಸಕ್ಕೆ ಹೋದರು. ಊರ ಜನರನ್ನೆಲ್ಲ ಹತ್ತಿಸಿ ಇಳಿಸುವವರಿಗೆ ಎಲ್ಲವೂ ತಮಾಷೆ.

ಕೋಣೆ ಮೊದಲು ಕ್ಷೌರದ ಅಂಗಡಿಯಾಗಿತ್ತು. ಗೋಡೆಯ ಕನ್ನಡಿಯನ್ನೂ ತಿರುಗುವ ಕುರ್ಚಿಯನ್ನೂ ಆತ ಬಿಟ್ಟುಹೋಗಿದ್ದಾನೆ. ರಸ್ತೆಯ ಕಡೆಗೆ ಗೋಡೆಯಗಲದ ಕಿಟಕಿ. ಕಿಟಕಿಯ ಕೆಳಗೆ ಮೇಜು ಹಾಕಿ ಮಾದರಿ ತುಂಡುಗಳನ್ನು ಹರಡಿದೆ. ಹಂಡೆಗಳು ಹಿಂದಿನ ಗೋಡೆಗೆ.

ಮೊದಲ ಗಿರಾಕಿ ಒಬ್ಬ ಮುದುಕ. ತೊಳೆದು ತೊಳೆದು ಬೆಳ್ಳಗಾದ ನೀಲಿ ಅಂಗಿ ತಂದಿದ್ದ. ಮಧ್ಯಾಹ್ನ ಮತ್ತೆ ನೀಲಿ ಮಾಡಿ ಕೊಟ್ಟಾಗ ಅಂಗಿಯನ್ನು ತಿರುವಿ ಮುರುವಿ ನೋಡಿ, "ಇದು ನಂದೇನಾ?" ಎಂದು ಕೇಳಿ, ಕ್ಷೌರದವನ ಕನ್ನಡಿಯ ಮುಂದೆ ಅಲ್ಲೇ ತೊಟ್ಟುಕೊಂಡು ಹೋದ. ಚುಕ್ಕಿ ಬಾಗಿಲಿನವರೆಗೂ ಹೋಗಿ ಅವನ ಬೆನ್ನು ನೋಡಿಕೊಂಡು ನಿಂತಿದ್ದಳು. ಬೇರೆಯವರ ಅಂಗಡಿಯಲ್ಲಿ ನಾನು ಎಷ್ಟು ಅಂಗಿ ಅದ್ದಿಲ್ಲ! ಆದರೆ ಒಂದೂ ಹೀಗೆ ನನ್ನ ಕಣ್ಣೆದುರು ಬೀದಿಯಲ್ಲಿ ನಡೆದುಹೋಗಿರಲಿಲ್ಲ.

ಸಂಜೆ ನಾನೇ ಬೀಗ ಹಾಕಿದೆ. ಸರಿಯಾಗಿ ಬಿತ್ತೋ ಇಲ್ಲವೋ ಎಂದು ಎಳೆದು ನೋಡಿ, ಹೋಗಿ, ಮತ್ತೆ ಬಂದು ಎಳೆದು ನೋಡಿದೆ. ಸ್ವಂತದ್ದಲ್ಲವೇ.

ಮಾರ್ಚ್ ೧೨, ಬುಧವಾರ

ಹಳೆ ಯಜಮಾನರು ನಮ್ಮ ಬೀದಿಯಲ್ಲಿ!

ಎದುರಿನ ಚಹಾದಂಗಡಿಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಅವರ ಅಂಗಡಿ ಊರಿನ ಆ ತುದಿಗೆ. ಚಹಾಕ್ಕಾಗಿ ಇಷ್ಟು ದೂರ ಯಾರು ಬರುತ್ತಾರೆ? ಲೋಟ ಪಕ್ಕದಲ್ಲಿ ಆರುತ್ತಿತ್ತು, ಕಣ್ಣು ಇತ್ತ ಕಡೆಗಿತ್ತು. ನಾನು ಅಳತೆ ಮಾಡುವುದು ಕಿಟಕಿಯ ಮುಂದೆಯೇ. ಯಾವ ಡಬ್ಬಿಗೆ ಕೈ ಹಾಕಿದೆ, ಎಷ್ಟು ಚಮಚ ಎಲ್ಲವೂ ಅಲ್ಲಿಂದ ಕಾಣುತ್ತದೆ.

ಚುಕ್ಕಿಗೆ ಹೇಳಿದರೆ, "ಅವರದೇ ಅಳತೆ ಅಲ್ವಾ ಅತ್ತಿಗೆ, ಅವರೇ ಯಾಕೆ ಕದೀತಾರೆ?" ಎಂದಳು. ಕೂಸು. ಅವಳಿಗೆ ವ್ಯಾಪಾರ ಗೊತ್ತಿಲ್ಲ. ನಾನು ಬದಲಾಯಿಸಿಕೊಂಡ ಅಳತೆಗಳೂ ಇವೆಯಲ್ಲ.

ಮಾರ್ಚ್ ೧೩, ಗುರುವಾರ

ಇವತ್ತೂ ಬಂದಿದ್ದರು. ಹಳೆಯ ದಿನಪತ್ರಿಕೆ ತಂದು ಅಂಟು ಕಲಸಿ ಕಿಟಕಿಗೆ ಮೇಲಿಂದ ಕೆಳಗಿನವರೆಗೆ ಹಚ್ಚಿಬಿಟ್ಟೆ. ಎರಡು ಪದರ. ಒಳಗೆ ಎರಡು ಟ್ಯೂಬ್‌ಲೈಟ್ ಹಾಕಿಸಿದೆ. ಜಗಜಗ ಬೆಳಕು.

"ಅತ್ತಿಗೆ, ಹಂಡೆಯೊಳಗೆ ಕೂತ ಹಾಗಾಗುತ್ತೆ" ಎಂದಳು ಚುಕ್ಕಿ. ಆಗಲಿ. ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂದೀತು.

ಮಾರ್ಚ್ ೧೭, ಸೋಮವಾರ

ದೊಡ್ಡ ಕೆಲಸ ಬಂತು! ಮುಖ್ಯ ರಸ್ತೆಯ ದರ್ಜಿ ವಾದ್ಯತಂಡದವರಿಗೆ ಬೂದು ಬಣ್ಣದ ಕೋಟು ಹೊಲಿಯುತ್ತಿದ್ದಾನೆ. ಕೋಟಿನ ಬಟ್ಟೆ ಅರ್ಧಕ್ಕೇ ಮುಗಿದಿದೆ. ಗಿರಣಿಯಲ್ಲಿ ಆ ಬಟ್ಟೆ ಬಿಳಿಯದು ಮಾತ್ರ ಉಳಿದಿದೆ, ಬೂದು ಬರುವುದಿಲ್ಲವಂತೆ. "ಅಕ್ಕಾ, ಈ ಬಿಳೀದನ್ನ ಆ ಬೂದು ಬಣ್ಣಕ್ಕೆ ತಂದುಕೊಟ್ಟರೆ ಇನ್ಮೇಲೆ ನನ್ನ ಕೆಲಸವೆಲ್ಲ ನಿಮಗೇ. ಇಲ್ಲಾಂದ್ರೆ ಎಡಗೈ ಒಂದು ಬಣ್ಣ ಬಲಗೈ ಒಂದು ಬಣ್ಣ, ತಂಡದವರು ನನ್ನನ್ನೇ ಡೋಲು ಮಾಡಿ ಬಾರಿಸ್ತಾರೆ." ಉದ್ಯಾನವನದಲ್ಲಿ ಅವರ ವಾದನವಂತೆ, ಏಪ್ರಿಲ್‌ನಲ್ಲಿ.

ಇದೊಂದು ಗೆದ್ದರೆ ಅಂಗಡಿ ನಿಂತಂತೆ. ಬಿದ್ದರೆ ನಾನು ಮತ್ತೆ ಆ ತೊಟ್ಟಿಯ ಮುಂದೆ, ಚುಕ್ಕಿ ಔಷಧಿ ಅಂಗಡಿಯವನ ಕಾಲ ಬುಡಕ್ಕೆ.

ಬೂದು ಎಂದರೆ ಕಪ್ಪನ್ನು ತೆಳ್ಳಗೆ ಮಾಡಿದ್ದಲ್ಲ. ಅದರೊಳಗೆ ನೀಲಿ ಇರುತ್ತದೆ, ಕಂದು ಇರುತ್ತದೆ, ಚೂರು ಕೆಂಪೂ ಇರುತ್ತದೆ. ಡಬ್ಬಿಗಳ ಮೇಲಿನ ಚೀಟಿಗಳನ್ನೆಲ್ಲ ಕಿತ್ತುಹಾಕಿದೆ. ಯಾವುದು ಯಾವುದೆಂದು ನನಗೆ ಗೊತ್ತಿದ್ದರೆ ಸಾಕು. ಬೆರೆಸುವ ಜಾಗಕ್ಕೆ ಒಂದು ಪರದೆಯನ್ನೂ ಕಟ್ಟಿದೆ. ಚುಕ್ಕಿಯ ಮೇಲೆ ಅನುಮಾನದಿಂದಲ್ಲ. ಅವಳದು ಬಾಯಿ ಸಡಿಲ, ಅಷ್ಟೇ.

ಮಾರ್ಚ್ ೨೦, ಗುರುವಾರ

ಒಬ್ಬಳು ಹೆಂಗಸು ಕಂದು ಬಣ್ಣದ ಪರದೆಗಳನ್ನು ವಾಪಸು ತಂದಳು. "ಅಂಗಡೀಲಿ ಚೆನ್ನಾಗೇ ಇತ್ತು. ಮನೇಲಿ ತೂಗುಹಾಕಿದ್ರೆ ಬೇರೆ ಬಣ್ಣ ಕಣ್ರೀ" ಎಂದಳು. ಇಲ್ಲಿ ಬಿಚ್ಚಿ ನೋಡಿದರೆ ಮಾದರಿಗೂ ಅದಕ್ಕೂ ಒಂದೆಳೆ ವ್ಯತ್ಯಾಸವಿಲ್ಲ. ಅದನ್ನೇ ತೋರಿಸಿದೆ. ಅವಳೂ ಒಪ್ಪಿದಳು. ಒಪ್ಪಿ, ಗೊಣಗಿಕೊಂಡು ಹೋದಳು.

ಪರದೆ ಮನೆಯಲ್ಲಿ ಬೇರೆ ಬಣ್ಣವಾಗುವುದುಂಟೇ? ಯಾರೋ ಹೇಳಿ ಕಳಿಸಿದ್ದಾರೆ. ಯಾರು ಎಂದು ಬರೆಯುವುದು ಬೇಡ. ಬೆಂಚಿನ ಮೇಲೆ ಕೂತಿರುತ್ತಾರೆ.

ಕನ್ನಡಿಯ ಮೊಳೆ ಸಡಿಲಿಸಿ ಸ್ವಲ್ಪ ಓರೆ ಮಾಡಿದೆ. ಈಗ ಪರದೆಯ ಹಿಂದಿನಿಂದಲೂ ಹಂಡೆಯ ಹತ್ತಿರದ ಕೈಗಳು ಕಾಣುತ್ತವೆ.

ಮಾರ್ಚ್ ೨೨, ಶನಿವಾರ

ಚುಕ್ಕಿ ಹಂಡೆ ತಿರುವುತ್ತಾ, ತಲೆ ಎತ್ತದೆ, "ಅತ್ತಿಗೆ, ಕನ್ನಡೀಲಿ ನಾನು ನಿಮಗೆ ಕಾಣ್ತೀನಿ ಅಂದ್ರೆ ನೀವೂ ನನಗೆ ಕಾಣ್ತೀರ" ಎಂದಳು.

ಮಾತು ತಿರುಗಿಸಿದೆ. ಬೂದು ಮೊದಲ ಸಲಕ್ಕೇ ಕೂತಿದೆ. ಕೋಟಿನ ತುಂಡಿನ ಪಕ್ಕದಲ್ಲಿಟ್ಟರೆ ಯಾವುದು ಗಿರಣಿಯದು, ಯಾವುದು ನನ್ನದು ಎಂದು ನನಗೇ ತಿಳಿಯಲಿಲ್ಲ. ಇಸ್ತ್ರಿ ಮಾಡಿ ಕಳಿಸಿದೆ. ಯಜಮಾನರು ಬಂದು ನೋಡಲಿ ಎನಿಸಿತು. ಬರದಿರಲಿ ಎಂದೂ ಎನಿಸಿತು.

ಮಾರ್ಚ್ ೨೫, ಮಂಗಳವಾರ

ದರ್ಜಿ ಬಟ್ಟೆ ಎತ್ತಿಕೊಂಡು ಓಡಿಬಂದ. ಬೂದು ಹಸಿರು ಹೊಡೆಯುತ್ತಿದೆಯಂತೆ, ಪಾಚಿ ಕಟ್ಟಿದ ಹಾಗೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು, "ಎಲ್ಲಿದೆಯಪ್ಪ ಹಸಿರು?" ಎಂದೆ. ಅವನೇ ಕಣ್ಣುಜ್ಜಿಕೊಂಡ. "ಅಕ್ಕಾ, ನನ್ನ ಅಂಗಡೀಲಿ ಇತ್ತು. ದೇವರಾಣೆಗೂ ಇತ್ತು." ಮೆಟ್ಟಿಲಿಳಿದವನು ರಸ್ತೆಯಿಂದಲೇ "ಅಕ್ಕಾ, ಇಲ್ಲೂ ಇದೆ!" ಎಂದು ಕೂಗಿದ. ಎದುರು ಬೆಂಚಿನ ಮೇಲೆ ಅವರು ಕೂತಿದ್ದರು. ಅವರ ಮುಂದೆ ನಾನು ಹೊರಗೆ ಹೋಗಿ ಬಟ್ಟೆ ಹಿಡಿದು ನಿಲ್ಲಬೇಕೇ? "ಇನ್ನೊಮ್ಮೆ ಹಾಕಿಕೊಡ್ತೀನಿ, ಇಟ್ಟು ಹೋಗು" ಎಂದು ಒಳಗಿನಿಂದಲೇ ಹೇಳಿದೆ.

ಬಟ್ಟೆ ಬದಲಾಗಿದೆಯೋ? ಪುಡಿ ಬದಲಾಗಿದೆಯೋ? ಚೀಟಿ ಇಲ್ಲದ ಡಬ್ಬಿಗಳನ್ನು ಯಾರಾದರೂ ಆಚೀಚೆ ಮಾಡಿದರೆ ನನಗೆ ಗೊತ್ತಾಗುವುದಾದರೂ ಹೇಗೆ?

ಇವರು ಹೇಳಿದ ಒಂದು ಮಾತು ಈಗ ನೆನಪಾಗುತ್ತಿದೆ. ಮೊನ್ನೆ ಬಸ್ಸಿನಿಂದ ನೋಡಿದರಂತೆ: ಚುಕ್ಕಿ ನಿಲ್ದಾಣದಲ್ಲಿ ಒಬ್ಬ ಹಿರಿಯರ ಜೊತೆ ಮಾತಾಡುತ್ತಿದ್ದಳು. ಬಿಳಿ ಮೀಸೆಯಂತೆ.

ಮಾರ್ಚ್ ೨೭, ಗುರುವಾರ

ಹಳೆ ಯಜಮಾನರಿಗೆ ಬಿಳಿ ಮೀಸೆ.

ಮಾರ್ಚ್ ೨೮, ಶುಕ್ರವಾರ

ಸಂಜೆ ಚುಕ್ಕಿ ಹೊರಟಾಗ "ಚೀಲ ಸ್ವಲ್ಪ ತೋರಿಸ್ತೀಯಾ?" ಎಂದೆ. ತೆಗೆಸಿದ್ದಲ್ಲ. ಕೇಳಿದ್ದು.

ಅವಳು ನನ್ನ ಮುಖ ನೋಡಿದಳು. ಆಮೇಲೆ ಚೀಲವನ್ನು ಮೇಜಿನ ಮೇಲೆ ಕವುಚಿ ಸುರಿದಳು. ಬಾಚಣಿಗೆ, ತಲೆನೋವಿನ ಮಾತ್ರೆ, ಅತ್ತೆಗೆ ಒಂದು ಕಟ್ಟು ಸೂಜಿ. ಅವುಗಳ ಜೊತೆ, ನಾನು ಹಾಕಿದ ಪ್ರತಿ ಬಣ್ಣದ ಒಂದೊಂದು ಬಟ್ಟೆ ಚೂರು! ಕಂದು, ಬೂದು, ಎಲ್ಲಾ.

"ಇದೇನು?"

"ಚೂರು."

"ಯಾರಿಗೆ ತೋರಿಸೋಕೆ?"

"ತೋರಿಸಿದೀನಿ, ಸುಳ್ಳು ಹೇಳಲ್ಲ. ನನಗೆ ಅರ್ಥ ಆಗ್ಲಿಲ್ಲ, ಗೊತ್ತಿರೋರನ್ನ ಕೇಳಿದೆ. ಅತ್ತಿಗೆ, ಒಂದೇ ಒಂದ್ಸಲ ಇದನ್ನ ಹಿಡ್ಕೊಂಡು ಹೊರಗೆ ಬನ್ನಿ. ಒಂದೇ ನಿಮಿಷ."

"ನಾನು ಹೊರಗೆ ಬಂದರೆ ಒಳಗೆ ಯಾರಿರ್ತಾರೆ?"

ಅವಳು ನಕ್ಕುಬಿಟ್ಟಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಔಷಧಿ ಅಂಗಡಿಯವನು ಸಹ ನನ್ನ ಚೀಲ ಮುಟ್ಟಿರಲಿಲ್ಲ" ಎಂದು, ಚೂರುಗಳನ್ನು ಅಲ್ಲೇ ಬಿಟ್ಟು, ಉಳಿದದ್ದನ್ನು ತುಂಬಿಕೊಂಡು ಹೋದಳು.

ಕದ್ದು ಸಿಕ್ಕಿಬಿದ್ದವರಿಗೂ ಅಳು ಬರುತ್ತದೆ.

ಮಾರ್ಚ್ ೩೧, ಸೋಮವಾರ

ಒಬ್ಬಳೇ. ಹಂಡೆ ನಾನೇ ತಿರುವಿದೆ, ನಾನೇ ತೊಳೆದೆ. ಹೊಸ ಪುಡಿ ತರಿಸಿ ಮೊಹರು ನಾನೇ ಒಡೆದೆ.

ಮನೆಯಲ್ಲಿ ಚುಕ್ಕಿ ಮಾತಾಡುವುದಿಲ್ಲ. ಉಪ್ಪಿನ ಡಬ್ಬಿ ಬೇಕಾದರೆ ಅಣ್ಣನ ಮೂಲಕ ಕೇಳುತ್ತಾಳೆ. ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳ ಕೈಗಿಟ್ಟು, "ಮುಂದಿನ ನಿಲ್ದಾಣ, ತಂಗಿ" ಎನ್ನುತ್ತಾರೆ. ಯಾರೂ ನಗುವುದಿಲ್ಲ.

ಏಪ್ರಿಲ್ ೧, ಮಂಗಳವಾರ

ಬೂದು ಮತ್ತೆ ಕೂತಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಈ ಸಲ ಮುಟ್ಟಲು ಇಲ್ಲಿ ಯಾರೂ ಇರಲಿಲ್ಲ. ಇನ್ನೇನು ಹೇಳುತ್ತಾನೋ ದರ್ಜಿ.

ಏಪ್ರಿಲ್ ೨, ಬುಧವಾರ

ಹಸಿರು ಎಂದ.

ಸೋಮವಾರದವರೆಗೆ ಕಾಯುತ್ತಾನಂತೆ. ಆಮೇಲೆ ಬೇರೆಯವರ ಹತ್ತಿರ ಹೋಗುತ್ತಾನೆ. ಯಾರ ಹತ್ತಿರ ಎಂದು ಕೇಳಲಿಲ್ಲ.

ಏಪ್ರಿಲ್ ೩, ಗುರುವಾರ

ಇವತ್ತು ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬೂದನ್ನು ಮತ್ತೆ ಹಂಡೆಗೆ ಹಾಕಿ ಚೂರು ತೆಗೆದು ನೋಡುವ ಹೊತ್ತಿಗೆ ಕರೆಂಟು ಹೋಯಿತು. ಒಳಗೆ ಕಗ್ಗತ್ತಲೆ. ಎರಡು ಪದರ ಕಾಗದ ಅಂಟಿಸಿದವಳು ನಾನೇ ತಾನೆ. ಹಂಡೆಯಲ್ಲಿ ಬಟ್ಟೆ ಕುದಿಯುತ್ತಿದೆ, ನಿಲ್ಲಿಸುವ ಹೊತ್ತು ತಪ್ಪಿದರೆ ಕೆಟ್ಟಿತು. ಒದ್ದೆ ಚೂರನ್ನೂ ಕೋಟಿನ ತುಂಡನ್ನೂ ಹಿಡಿದು ಹೊಸ್ತಿಲಿಗೆ ಓಡಿದೆ. ಎರಡನ್ನೂ ಆಕಾಶಕ್ಕೆ ಎತ್ತಿ ಹಿಡಿದೆ.

ಹಸಿರು! ನಿಂತ ನೀರಿನ ಹಸಿರು. ಪಕ್ಕದಲ್ಲಿ ಗಿರಣಿಯ ಬೂದು ಶುದ್ಧವಾಗಿತ್ತು.

ಕೈ ಇಳಿಸಲಾಗಲಿಲ್ಲ. ಹಾಗೇ ನಿಂತಿದ್ದೆ. ಎದುರು ಬೆಂಚಿನಿಂದ ದನಿ ಬಂತು: "ಏನಮ್ಮಾ, ಕೊನೆಗೂ ಹೊರಗೆ ಬಂದ್ಯಾ?"

ಸಿಟ್ಟು ನೆತ್ತಿಗೇರಿತು. ರಸ್ತೆ ದಾಟಿ ಹೋಗಿ, "ಯಜಮಾನರೇ, ನೀವು ದಿನಾ ಇಲ್ಲಿ ಕೂತು ನನ್ನ ಅಂಗಡಿ ನೋಡೋದು ಯಾಕೆ?" ಎಂದೆ.

"ನಿನ್ನ ಅಂಗಡೀಲಿ ನೋಡೋಕೆ ಏನಿದೆ ತಾಯಿ? ಹೋದ ವರ್ಷದ ಪೇಪರು. ಅದನ್ನೂ ಓದಿ ಮುಗಿಸಿದೆ. ಕೆಳಗಡೆ ಒಂದು ಹಾಳೆ ತಲೆಕೆಳಗಾಗಿ ಅಂಟಿಸಿದೀಯ, ಕತ್ತು ನೋವು ಬಂತು."

ಅಂಗಿಯ ಜೇಬಿನಿಂದ ಒಂದು ಹಿಡಿ ಬಟ್ಟೆ ಚೂರುಗಳನ್ನು ತೆಗೆದು ಬೆಂಚಿನ ಮೇಲೆ ಹರಡಿದರು. ಅವರ ಅಂಗಡಿಯ ಎದುರು ನಾನಿದ್ದಾಗಲೇ ಏಳುತ್ತಿದ್ದ ಕಟ್ಟಡ ಈಗ ಇನ್ನೊಂದು ಮಹಡಿ ಏರಿದೆಯಂತೆ. ಹೊಸ್ತಿಲಿಗೆ ಬೆಳಕೇ ಬೀಳುವುದಿಲ್ಲವಂತೆ. ಊರೆಲ್ಲ ಅಲೆದು, ಮರದ ನೆರಳಿಲ್ಲದ, ಗೋಡೆಯ ಬಣ್ಣ ಬಟ್ಟೆಯ ಮೇಲೆ ಬೀಳದ ಒಂದು ಜಾಗ ಹುಡುಕಿದ್ದಾರೆ. ಈ ಬೆಂಚು. "ದೀಪದ ಕೆಳಗೆ ಒಂದೇ ಥರ ಕಾಣೋ ಎರಡು ಬೂದು ಹಗಲಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ ಅಂತಾವೆ. ನಾನು ಹೊಸ್ತಿಲಲ್ಲಿ ನಿಂತ್ಕೋತಿದ್ದದ್ದು ಯಾತಕ್ಕೆ ಅಂದ್ಕೊಂಡಿದ್ದೆ?"

ಚಹಾಕ್ಕೆ ಹೋದವರನ್ನು ಎಣಿಸಲು ಎಂದುಕೊಂಡಿದ್ದೆ.

"ಹಾಗಾದ್ರೆ ಚೀಲ?" ಎಂದೆ.

"ಅದು ಅನುಮಾನಾನೇ. ಸುಳ್ಳು ಯಾಕೆ ಹೇಳ್ಲಿ? ನೀನು ಕಣ್ಣಲ್ಲಿ ಎತ್ಕೊಂಡು ಹೋಗೋಳು ಅಂತ ಗೊತ್ತಿದ್ದಿದ್ರೆ ಡಬ್ಬಿ ಮೂಸ್ತಿರಲಿಲ್ಲ." ಮೀಸೆಯಡಿಯಲ್ಲಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿನ್ನ ನಾದಿನಿ ಚೂರು ಹಿಡ್ಕೊಂಡು ನನ್ನ ಹತ್ರ ಬಂದ್ಲು. ಬೆಳಕಿಗೆ ಹಿಡಿಯೋಕೆ ಹೇಳಮ್ಮ ಅಂದೆ. ಮಾರನೇ ವಾರ ನೋಡಿದ್ರೆ ಹುಡುಗಿ ಅಂಗಡಿಗೇ ಬರ್ತಿಲ್ಲ. ನನ್ನ ಹತ್ರ ಎಲ್ಲಾ ಕಲ್ತೆ ನೀನು. ಬೇಡದ್ದನ್ನೇ ಹೆಚ್ಚು ಚೆನ್ನಾಗಿ ಕಲ್ತೆ" ಎಂದರು.

ಒಳಗೆ ಹೋಗಿ ಹಂಡೆಯ ಕೆಳಗಿನ ಒಲೆ ಆರಿಸಿದೆ. ಕರೆಂಟು ಬಂತು. ದೀಪದ ಕೆಳಗೆ ಆ ಚೂರು ಮತ್ತೆ ಸರಿಯಾಗಿಬಿಟ್ಟಿತು. ನೋಡಿ ಹೆದರಿಕೆಯಾಯಿತು.

ಆದರೂ, ಆ ಬೆಂಚಿನಿಂದ ನಮ್ಮ ಬಾಗಿಲು ಕಾಣುತ್ತದೆ ಎನ್ನುವುದಂತೂ ನಿಜ.

ಏಪ್ರಿಲ್ ೫, ಶನಿವಾರ

ಸಂಜೆ ಮಹಡಿಯ ಮೆಟ್ಟಿಲ ಮೇಲೆ ಎಲ್ಲರೂ ಗಾಳಿಗೆ ಕೂತಿದ್ದೆವು. ಚುಕ್ಕಿ ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನದರಲ್ಲಿ, ನಡುವೆ ಇವರು. ಎರಡು ದಿನದಿಂದ ಅವಳ ಹತ್ತಿರ ಒಂದು ಮಾತು ಆಡಬೇಕೆಂದು ಹೋಗುತ್ತೇನೆ. ಪಾತ್ರೆ ತೊಳೆದು ಬರುತ್ತೇನೆ.

"ಅತ್ತೆ, ಆ ಬಾವಿಯ ಕಥೆ ಅರ್ಧಕ್ಕೇ ನಿಂತಿದೆ" ಎಂದೆ.

"ನಿದ್ದೆ ಬಂದದ್ದು ನನಗೆ. ನಿನಗೇನಾಗಿತ್ತು? ನೀನೇ ಮುಗಿಸು" ಎಂದರು.

ಮುಗಿಸಿದೆ. ನಾಲಿಗೆ ಒಣಗಿ ಕಲ್ಲಿನ ಮೇಲೆ ಕೂತವಳ ಹತ್ತಿರ ಪಕ್ಕದ ಮನೆಯವಳು ಬಂದಳಂತೆ. "ಇದೇನಮ್ಮ, ಬಾವಿ ಮೇಲೆ ಕಾವು ಕೂತಿದೀಯ?" ಎಂದಳಂತೆ. ಒಳಗೆ ಕಳ್ಳಿ ಇದ್ದಾಳೆ ಎಂದಳು ಇವಳು. ನೋಡೇಬಿಡೋಣ ಎಂದು ಇಬ್ಬರೂ ಕಲ್ಲು ಉರುಳಿಸಿ ಹಲಗೆ ಸರಿಸಿ ಬಗ್ಗಿದರು. ಒಳಗೆ ಈಗ ಇಬ್ಬರು! ಒಬ್ಬಳು ಹುಬ್ಬು ಗಂಟಿಕ್ಕಿದ್ದಾಳೆ, ಇನ್ನೊಬ್ಬಳು ನಗುತ್ತಿದ್ದಾಳೆ. "ನೋಡಿದ್ಯಾ, ಜೊತೆಗಾತಿಯನ್ನೂ ಕರ್ಕೊಂಡು ಬಂದಿದಾಳೆ" ಎಂದಳು ಇವಳು. ಪಕ್ಕದವಳು ವಾದಕ್ಕೆ ಹೋಗಲಿಲ್ಲ. ಕೊಡ ಇಳಿಬಿಟ್ಟಳು. ಕೊಡ ತಾಗಿದ್ದೇ ತಡ, ಮುಖಗಳೆರಡೂ ಕಲಕಿಹೋದವು. ಮೇಲೆ ಬಂದದ್ದು ನೀರು.

"ನನ್ನ ಕಥೇಲಿ ಪಕ್ಕದ ಮನೆಯವಳು ಇರಲಿಲ್ಲ" ಎಂದರು ಅತ್ತೆ.

"ಹಾಗಾದ್ರೆ ಕೊನೆಗೆ ಏನಾಗ್ತಿತ್ತು?"

"ಸಾಯ್ತಿದ್ಲು."

ಇವರು ಮಾತ್ರ ನಕ್ಕರು. ಮೇಲಿನ ಮೆಟ್ಟಿಲಿನಿಂದ ಚುಕ್ಕಿ, ಅಣ್ಣನ ಮೂಲಕವಲ್ಲದೆ ನೇರವಾಗಿ ನನ್ನನ್ನೇ ಕೇಳಿದಳು: "ಆ ಪಕ್ಕದ ಮನೆಯವಳ ಕೈಲಿ ಚೀಲ ಇತ್ತಾ?"

"ಇತ್ತು."

"ಇವಳು ತೆಗೆಸಿ ನೋಡಿದ್ಲಾ?"

"ನೋಡಿದ್ಲು. ನೋಡಬಾರದಿತ್ತು ಅಂತ ಹೇಳೋಕೆ ಅವಳಿಗೆ ಬಾಯಿ ಬರಲಿಲ್ಲ. ನಾಲಿಗೆ ಒಣಗಿತ್ತಲ್ಲ."

ಚುಕ್ಕಿ ಎದ್ದು ಒಳಗೆ ಹೋದಳು.

ಏಪ್ರಿಲ್ ೬, ಭಾನುವಾರ

ಬೆಳಿಗ್ಗೆ ಎದ್ದರೆ ಮನೆಯಲ್ಲಿ ಒಬ್ಬರೂ ಇಲ್ಲ. ಮೊಳೆಯ ಮೇಲೆ ಅಂಗಡಿಯ ಕೀಲಿಯೂ ಇಲ್ಲ. ಇರುವುದನ್ನು ಇದ್ದ ಹಾಗೆ ಬರೆಯಬೇಕಲ್ಲ, ಮೊದಲು ನೆನಪಾದದ್ದು ಅಳತೆಗಳು, ಪುಡಿಯ ಡಬ್ಬಿಗಳು. ತಲೆ ಬಾಚದೆ ಓಡಿದೆ.

ಚುಕ್ಕಿ ಕಿಟಕಿಯ ಮುಂದೆ ಬಕೆಟ್ಟು ಇಟ್ಟುಕೊಂಡು ಒದ್ದೆ ಬಟ್ಟೆಯಿಂದ ಕಾಗದ ನೆನೆಸುತ್ತಿದ್ದಳು. ಇವರು ಬಸ್ಸಿನ ಗಾಜು ಕೆರೆಯುವ ಪಟ್ಟಿ ತಂದು ಸುಲಿಯುತ್ತಿದ್ದರು. ಅತ್ತೆ ಕ್ಷೌರದವನ ಕುರ್ಚಿಯಲ್ಲಿ ರಾಣಿಯ ಹಾಗೆ ಕೂತು, ಕಾಲಿನಿಂದ ಅರ್ಧ ಸುತ್ತು ಅತ್ತ ಅರ್ಧ ಸುತ್ತು ಇತ್ತ ತಿರುಗುತ್ತಾ, "ಅಲ್ಲಿ ಉಳೀತು ನೋಡು, ಅಲ್ಲಿ" ಎಂದು ಬೆರಳು ತೋರಿಸುತ್ತಿದ್ದರು. ಕನ್ನಡಿ ನೆಟ್ಟಗಾಗಿತ್ತು. ಒಲೆಯ ಮೇಲೆ ಹಂಡೆ ಇಟ್ಟಾಗಿತ್ತು. ಚುಕ್ಕಿಯ ಚೀಲ ಬಾಗಿಲ ಹಿಂದಿನ ತನ್ನ ಮೊಳೆಗೆ ಮರಳಿತ್ತು.

"ನಿಮ್ಮ ಹಳೆ ಯಜಮಾನರು ಹೇಳಿದ್ರು ಅತ್ತಿಗೆ, ಬೂದು ಬಣ್ಣಕ್ಕೆ ಕೆಂಪು ಹಾಕ್ಬೇಕಂತೆ, ಒಂಚೂರು. ಯಾವ ಡಬ್ಬಿ?" ಎಂದಳು, ತಿರುಗದೆ.

ತೋರಿಸಿದೆ. ಪರದೆ ಸರಿಸಿ ಅವಳೆದುರೇ ಅಳೆದೆ. ಮೊದಲ ಚೂರನ್ನು ಅವಳೇ ಎತ್ತಿಕೊಂಡು ರಸ್ತೆ ದಾಟಿ ಬೆಂಚಿಗೆ ಹೋದಳು. ಯಜಮಾನರು ತಮ್ಮ ಚೂರುಗಳನ್ನು ಒತ್ತಟ್ಟಿಗೆ ಸರಿಸಿ ಜಾಗ ಕೊಟ್ಟರು. ಇಬ್ಬರೂ ಕತ್ತೆತ್ತಿ ಆಕಾಶ ನೋಡಿದರು. ಅವಳು ಅಲ್ಲಿಂದಲೇ ಕೈ ಅಲ್ಲಾಡಿಸಿದಳು. ಸರಿಹೋಗಿತ್ತು.

ಕಿಟಕಿಯ ತುಂಬ ಬೆಳಕು. ಕೆಳಗೆ ಒಂದು ಗೇಣು ಮಾತ್ರ ಕಾಗದ ಉಳಿದಿತ್ತು, ಆ ತಲೆಕೆಳಗಾದ ಹಾಳೆ. "ಅಷ್ಟು ಹಾಗೇ ಇರಲಿ ಚುಕ್ಕಿ" ಎಂದೆ, "ಮಧ್ಯಾಹ್ನದ ಬಿಸಿಲು ಡಬ್ಬಿಗಳ ಮೇಲೆ ಬೀಳುತ್ತೆ."

ಅವಳು "ಹೂಂ ಅತ್ತಿಗೆ" ಎಂದಳು. ಎಂದು, ಬಟ್ಟೆಯನ್ನು ಬಕೆಟ್ಟಿಗದ್ದಿ ಹಿಂಡಿ, ಬಗ್ಗಿ, ಮೊದಲು ಅದನ್ನೇ ಕಿತ್ತಳು.